ಲೀಟರಿಗೆ ಹದಿನಾರು

ಗಾಡಿಯ ಮೈಲೇಜ್ ವಿಷಯದಲ್ಲಿ ನಿಜ ಹೇಳುವ ಗಂಡಸನ್ನು ನಾನು ಕಂಡಿದ್ದು ಒಬ್ಬನನ್ನೇ. ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ದಾರಿಯ ಪೆಟ್ರೋಲ್ ಬಂಕಿನಲ್ಲಿ ಇಪ್ಪತ್ತಾರು ವರ್ಷದಿಂದ ಮ್ಯಾನೇಜರ್ ಆಗಿರುವವನು ನಾನು, ಬಸವೇಶ. ಬೈಕಿನವನು ಅರವತ್ತು ಕೊಡುತ್ತದೆ ಅಂದರೆ ನಾನು ನಲವತ್ತೈದು ಎಂದು ತಿಳಿದುಕೊಳ್ಳುತ್ತೇನೆ. ಕಾರಿನವರದು ಇನ್ನೂ ಅತಿರೇಕ. ಇಪ್ಪತ್ತೆರಡು ಕೊಡುತ್ತದೆ ಎಂದು ಎದೆ ಉಬ್ಬಿಸಿ ಹೇಳುವವನನ್ನು ಹೇಗೆ ಅಳೆದಿರಿ ಎಂದು ಕೇಳಿ ನೋಡಿ, ಮುಂದಿನ ಗಾಜಿನ ಕೆಳಗೆ ಹೊಳೆಯುವ ಅಂಕಿಯನ್ನು ತೋರಿಸುತ್ತಾನೆ. ಇಳಿಜಾರಿನಲ್ಲಿ ನೋಡಿದರೆ ಅದು ಎಷ್ಟು ಬೇಕಾದರೂ ತೋರಿಸುತ್ತದೆ. ಏರಿನಲ್ಲಿ ಯಾರೂ ನೋಡುವುದಿಲ್ಲ.

ಸರಿಯಾಗಿ ಅಳೆಯುವ ದಾರಿ ಬೇರೆ ಇದೆ. ಟ್ಯಾಂಕನ್ನು ಕಂಠಪೂರ್ತಿ ತುಂಬಿಸಬೇಕು. ಕಿಲೋಮೀಟರ್ ತೋರಿಸುವ ಮೀಟರನ್ನು ಸೊನ್ನೆಗೆ ತಂದು ನೂರು ನೂರೈವತ್ತು ಕಿಲೋಮೀಟರ್ ಓಡಿಸಬೇಕು. ಮತ್ತೆ ಅದೇ ಬಂಕಿಗೆ, ಅದೇ ಪೈಪಿಗೆ ಬಂದು ಅದೇ ಮಟ್ಟಕ್ಕೆ ತುಂಬಿಸಬೇಕು. ಎರಡನೇ ಸಲ ಹಿಡಿದದ್ದೆಷ್ಟೋ ಗಾಡಿ ಕುಡಿದದ್ದು ಅಷ್ಟು. ಓಡಿದ ದೂರವನ್ನು ಅದರಿಂದ ಭಾಗಿಸಿದರೆ ಮುಗಿಯಿತು, ಶಾಲೆಯ ಮಕ್ಕಳು ಮಾಡುವ ಲೆಕ್ಕ. ಇದನ್ನು ನೂರಾರು ಜನಕ್ಕೆ ಹೇಳಿದ್ದೇನೆ. ಯಾರಿಗೂ ನಿಜ ಬೇಕಿರಲಿಲ್ಲವಾದ್ದರಿಂದ ಯಾರೂ ಮಾಡಲಿಲ್ಲ. ಪಾಲಣ್ಣ ಮಾಡಿದ. ಅವನಿಗೆ ಅದನ್ನು ಕಲಿಸಿದವನು ನಾನೇ ಎಂದು ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಪಾಲಣ್ಣ ಚಿತ್ರದುರ್ಗದ ಶೇಂಗಾ ವ್ಯಾಪಾರಿ ಪಂಚಾಕ್ಷರಪ್ಪನವರ ಕಾರಿನ ಡ್ರೈವರ್. ಇಪ್ಪತ್ತೆರಡು ವರ್ಷದಲ್ಲಿ ಯಜಮಾನರು ಮೂರು ಗಾಡಿ ಬದಲಾಯಿಸಿದರು, ಡ್ರೈವರನ್ನು ಬದಲಾಯಿಸಲಿಲ್ಲ. ವಾರಕ್ಕೆ ಎರಡು ಸಲ ಅವರನ್ನು ಧರ್ಮಪುರದ ಕಡೆಗೆ ಶೇಂಗಾ ನೋಡಲು ಕರೆದೊಯ್ಯುವುದು, ಉಳಿದ ದಿನ ಊರಿನ ಓಡಾಟ, ಬೆಳಿಗ್ಗೆ ಸಂಜೆ ಮೊಮ್ಮಗಳು ಬಿಂದುವನ್ನು ಶಾಲೆಗೆ ಬಿಟ್ಟು ಕರೆತರುವುದು ಅವನ ಕೆಲಸ. ಎರಡನೇ ಕ್ಲಾಸಿನ ಆ ಹುಡುಗಿ ಡೀಸೆಲ್ ಹಾಕಿಸುವಾಗ ಕಿಟಕಿಯಿಂದ ತಲೆ ಹೊರಹಾಕಿ ಮೀಟರಿನ ಅಂಕಿಗಳನ್ನು ಜೋರಾಗಿ ಓದುತ್ತಿತ್ತು. ಪಾಲಣ್ಣ ಅದಕ್ಕೆ ತಾಳ ಹಾಕುವವನಂತೆ ತಲೆಯಾಡಿಸುತ್ತಿದ್ದ.

ಅವನು ಹುಟ್ಟಿದ್ದು ಹಿರಿಯೂರು ದಾರಿಯಲ್ಲೇ ಇರುವ ಒಂದು ಗೊಲ್ಲರಹಟ್ಟಿಯಲ್ಲಿ. ಹದಿನೆಂಟು ವರ್ಷದವರೆಗೆ ಅಪ್ಪನ ಕುರಿಗಳ ಹಿಂದೆ ಬರಿಗಾಲಲ್ಲಿ ನಡೆದವನು. ಕುರಿ ಕಾಯುವವನ ಕಣ್ಣು ಕುರಿಯ ಮೇಲಿರಬೇಕು, ನೆಲ ನೋಡುವುದು ಕಾಲಿನ ಕೆಲಸ ಎನ್ನುತ್ತಿದ್ದ. ಮುಳ್ಳು ಚುಚ್ಚುವ ಮೊದಲೇ ಕಾಲು ಹಿಂದಕ್ಕೆ ಬರುತ್ತಿತ್ತಂತೆ. ಆ ಅಭ್ಯಾಸವನ್ನು ಕಾರಿಗೂ ತಂದಿದ್ದ. ಬಾಗಿಲಲ್ಲೇ ಚಪ್ಪಲಿ ಕಳಚಿ, ಎತ್ತಿ ಸೀಟಿನಡಿ ಇಟ್ಟು, ಬರಿಗಾಲನ್ನು ಪೆಡಲಿನ ಮೇಲೆ ಇಡುತ್ತಿದ್ದ. ನಾನು ಒಮ್ಮೆ ತಮಾಷೆ ಮಾಡಿದ್ದಕ್ಕೆ, “ಚಪ್ಲಿ ಹಾಕ್ಕಂಡು ಓಡ್ಸೋದು ಅಂದ್ರೆ ಕೈಗೆ ಚೀಲ ಕಟ್ಕಂಡು ಮುದ್ದೆ ಉಂಡಂಗೆ ಬಸವೇಶಣ್ಣ. ಗಾಡಿ ಏನ್ ಹೇಳ್ತೈತೆ ಅಂತ ಕಾಲಿಗೆ ತಿಳೀಬೇಕು” ಎಂದಿದ್ದ. ಬಡಾಯಿ ಅಲ್ಲ. ಹಿಂದಿನ ಎಡಗಡೆ ಚಕ್ರದಲ್ಲಿ ಗಾಳಿ ಇಳಿದಿದೆ ಎಂದು ಕೂತಲ್ಲೇ ಹೇಳುತ್ತಿದ್ದ, ನಮ್ಮ ಹುಡುಗರು ಹಿಡಿದು ನೋಡಿದರೆ ಇಳಿದೇ ಇರುತ್ತಿತ್ತು.

ಈಗಿನ ಗಾಡಿ ಎಷ್ಟು ಕೊಡುತ್ತದೆ ಎಂದರೆ, ಅದು ಬಂದ ಐದು ವರ್ಷವೂ ಅವನದು ಒಂದೇ ಉತ್ತರ, ಹದಿನಾರು. ಹದಿನೇಳು ಎಂದು ಒಮ್ಮೆಯೂ ಹೇಳಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಆ ಹದಿನಾರು ಇಳಿಯತೊಡಗಿತು. ಹತ್ತು ದಿನ ಬರುತ್ತಿದ್ದ ಟ್ಯಾಂಕು ಎಂಟು ದಿನಕ್ಕೆ, ಆಮೇಲೆ ವಾರಕ್ಕೆ ಖಾಲಿಯಾಯಿತು. ಪಂಚಾಕ್ಷರಪ್ಪನವರು ಗಟ್ಟಿಯಾಗಿ ಮಾತಾಡುವವರಲ್ಲ. ಒಂದು ದಿನ ಒಬ್ಬರೇ ಬಂದು, ನನ್ನ ಕೋಣೆಯಲ್ಲಿ ಕೂತು, “ಬಸವೇಶಪ್ಪ, ದಿನಾ ನೂರು ಡ್ರೈವರ್‌ಗಳನ್ನ ನೋಡ್ತೀಯ. ಏನಿರಬಹುದು ಇದು?” ಎಂದರು. ನಾನು ಜಾಣನಂತೆ ನಕ್ಕೆ. “ಟ್ಯಾಂಕಿಗೆ ಪೈಪ್ ಇಳಿಸಿ ಡೀಸೆಲ್ ಎಳ್ಕಳೋದು ಹೊಸಾ ವಿದ್ಯೆ ಅಲ್ವಲ್ಲ ಯಜಮಾನ್ರೆ” ಎಂದೆ. ಇಪ್ಪತ್ತಾರು ವರ್ಷದ ಅನುಭವ ನೋಡಿ, ಅದು ಸುಮ್ಮನೆ ಬಾಯಿ ಮುಚ್ಚಿಕೊಂಡಿರಲು ಬಿಡುವುದಿಲ್ಲ.

ಮರುವಾರ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಬಿತ್ತು. ಅದರ ಬೀಗದ ಕೈಯನ್ನು ಯಜಮಾನರು ನನ್ನ ಹತ್ತಿರ ಕೊಟ್ಟರು. ಡೀಸೆಲ್ ಹಾಕಿಸಬೇಕಾದಾಗಲೆಲ್ಲ ಪಾಲಣ್ಣ ನನ್ನ ಮೇಜಿನ ಮುಂದೆ ಬಂದು ನಿಲ್ಲಬೇಕು, ನಾನು ಡ್ರಾಯರ್ ಎಳೆದು ತೆಗೆದುಕೊಡಬೇಕು. ಮೊದಲನೇ ಸಲ ಅವನು ಕೈ ಚಾಚಲೇ ಇಲ್ಲ. “ಇಪ್ಪತ್ತೆರಡು ವರ್ಷ ಆಯ್ತಣ್ಣ. ಒಂದು ತೊಟ್ಟು ಡೀಸೆಲ್ ಮುಟ್ಟಿದ್ರೆ ನನ್ನ ಕೈ ಸೇದೋಗ್ಲಿ,” ಎಂದ. ಪೈಪಿನ ಮಾತು ಆಡಿದವನು ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ, ಹೇಳುವ ಧೈರ್ಯ ನನಗಿರಲಿಲ್ಲ. ಆ ನಾಚಿಕೆ ಮುಚ್ಚಿಕೊಳ್ಳಲು ಅವನಿಗೆ ಅಳೆಯುವುದನ್ನು ಹೇಳಿಕೊಟ್ಟೆ. “ಅಳೆದು ತೋರಿಸಪ್ಪ. ಅಂಕಿ ಯಾರ ಪರಾನೂ ಮಾತಾಡಲ್ಲ” ಎಂದೆ.

ಅವನು ಅದನ್ನು ವ್ರತದಂತೆ ಮಾಡಿದ. ಮೊದಲು ಮೆಕ್ಯಾನಿಕ್ ಕರಿಯಣ್ಣನ ಹತ್ತಿರ ಹೋಗಿ ಗಾಳಿಯ ಫಿಲ್ಟರ್, ಬ್ರೇಕು, ಡೀಸೆಲ್ ಪೈಪು ಎಲ್ಲ ತೋರಿಸಿದ. “ಇಂಜಿನ್ ಯಾಕೋ ಸುಮ್ ಸುಮ್ನೆ ಅರಚ್ತೈತೆ ನೋಡಪ್ಪ” ಎಂದನಂತೆ. ಕರಿಯಣ್ಣ ತಾನೇ ಒಂದು ಸುತ್ತು ಓಡಿಸಿ ಬಂದು ಗಾಡಿ ಹೂವಿನಂಗೈತೆ ಎಂದು ಕಳಿಸಿದ. ನಾಲ್ಕೂ ಚಕ್ರಕ್ಕೆ ಸರಿಯಾಗಿ ಗಾಳಿ ಹಿಡಿಸಿ, ನಮ್ಮ ಎರಡನೇ ಪೈಪಿನಲ್ಲಿ ಟ್ಯಾಂಕ್ ತುಂಬಿಸಿ, ಬೀಗ ಹಾಕಿಸಿಕೊಂಡು ಯಜಮಾನರನ್ನೇ ಕೂರಿಸಿಕೊಂಡು ಧರ್ಮಪುರಕ್ಕೆ ಹೋಗಿ ಬಂದ. ಮೀಟರಿನಲ್ಲಿ ನೂರ ಐವತ್ತೆರಡು ಕಿಲೋಮೀಟರ್. ಟ್ಯಾಂಕ್ ಹಿಡಿದದ್ದು ಹನ್ನೆರಡೂವರೆ ಲೀಟರ್. ನಾನು ಭಾಗಿಸಿ ಹನ್ನೆರಡು ಚಿಲ್ಲರೆ ಎಂದೆ. ಪಾಲಣ್ಣ ಇನ್ನೊಂದು ಸಲ ಭಾಗಿಸಿ ನೋಡ್ರಿ ಎಂದ. ಇನ್ನೊಂದು ಸಲ ಭಾಗಿಸಿದರೂ ಅಷ್ಟೇ ಬಂತು.

ಮೂರು ದಿನ ಬಿಟ್ಟು ಯಜಮಾನರು ತಮ್ಮ ತಂಗಿಯ ಮಗ ಹಾಲೇಶನನ್ನು ಅದೇ ದಾರಿಗೆ ಕಳಿಸಿದರು. ಅದೇ ಗಾಡಿ, ಅದೇ ಬಂಕು, ಅದೇ ಪೈಪು. ಒಂಬತ್ತೂವರೆ ಲೀಟರ್. ಲೀಟರಿಗೆ ಹದಿನಾರು. ಹಾಲೇಶ ಕನ್ನಡಕ ತಲೆಯ ಮೇಲೇರಿಸಿಕೊಂಡು ಕಿಸಕ್ಕನೆ ನಕ್ಕ.

ಇನ್ನೇನು ಬೇಕು? ಗಾಡಿ ಚೆನ್ನಾಗಿದೆ, ದಾರಿ ಒಂದೇ, ಬದಲಾದದ್ದು ಡ್ರೈವರ್ ಮಾತ್ರ. ಬೀಗ ಹಾಕಿದರೂ, ಯಜಮಾನರು ಶೇಂಗಾ ನೋಡಲು ಇಳಿದಾಗ ಗಾಡಿಯ ಅಡಿಯಿಂದ ಪೈಪು ಬಿಚ್ಚಿ ಡೀಸೆಲ್ ಇಳಿಸಿಕೊಳ್ಳುತ್ತಾನೆ ಎಂದು ಹಾಲೇಶ ಹೇಳಿದ, ಯಜಮಾನರು ನಂಬಿದರು. ಪಾಲಣ್ಣನಿಗೆ ಒಂದು ವಾರ ಗಡುವು ಕೊಟ್ಟರು. ಡೀಸೆಲ್ ಎಲ್ಲಿಗೆ ಹೋಗುತ್ತಿದೆ ಎಂದು ತೋರಿಸಬೇಕು, ಇಲ್ಲವೇ ಕೆಲಸ ಬಿಡಬೇಕು. ವಿಚಿತ್ರವೆಂದರೆ ಆ ವಾರವೂ ಬಿಂದುವನ್ನು ಶಾಲೆಗೆ ಬಿಡುತ್ತಿದ್ದವನು ಅವನೇ. ಡೀಸೆಲ್ ವಿಷಯದಲ್ಲಿ ನಂಬದವರು ಮಗುವಿನ ವಿಷಯದಲ್ಲಿ ಕಣ್ಣುಮುಚ್ಚಿ ನಂಬಿದ್ದರು.

ಭಾನುವಾರ ಬೆಳಿಗ್ಗೆ ಪಾಲಣ್ಣ ಬಂಕಿಗೆ ಬಂದ. ಮುಖ ಬಾಡಿತ್ತು. “ನೀವು ಜತೆಗೆ ಬರ್ರಿ ಬಸವೇಶಣ್ಣ. ಪಕ್ಕದಾಗೆ ಕುಂತು ಕಣ್ಣಾರೆ ನೋಡ್ರಿ. ಕಳ್ಳ ಅನ್ನುಸ್ಕಂಡು ನಾನು ಹಟ್ಟಿಗೆ ಹೋಗಲ್ಲ. ಹೆಂಡ್ತಿ ಮುಖ ಹೆಂಗೆ ನೋಡ್ಲಿ?” ಎಂದ. ಯಜಮಾನರಿಗೆ ಫೋನ್ ಮಾಡಿ ಒಪ್ಪಿಸಿ, ಟ್ಯಾಂಕ್ ತುಂಬಿಸಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ನಾನು ಹೊರಟೆ. ಆಗಲೂ ಮನಸ್ಸಿನ ಮೂಲೆಯಲ್ಲಿ ಇವನು ಎಲ್ಲಿ ನಿಲ್ಲಿಸುತ್ತಾನೋ ನೋಡೋಣ ಎಂದೇ ಇತ್ತು.

ಹೆದ್ದಾರಿಗೆ ಬಿದ್ದ ಸ್ವಲ್ಪ ಹೊತ್ತಿಗೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಇಂಜಿನ್ ಒಮ್ಮೆಲೇ ಕೂಗುತ್ತಿತ್ತು, ಗಾಡಿ ಮುಂದಕ್ಕೆ ಹಾರುತ್ತಿತ್ತು, ಪಾಲಣ್ಣ ಗಾಬರಿಯಾಗಿ ಬ್ರೇಕ್ ಒತ್ತುತ್ತಿದ್ದ. ಮತ್ತೆ ಕೂಗು, ಮತ್ತೆ ಬ್ರೇಕು. ಬೆಣ್ಣೆಯಂತೆ ಓಡಿಸುತ್ತಿದ್ದ ಮನುಷ್ಯ. ಹಿಂದಿನ ಸೀಟಿನಲ್ಲಿ ನಿದ್ದೆ ಹೋಗುವ ಯಜಮಾನರಿಗೆ ಇದು ತಿಳಿದಿರಲಾರದು. “ಕೇಳ್ರಿ, ಕೇಳ್ರಿ, ಹೆಂಗೆ ಅರಚ್ತೈತೆ. ಕರಿಯಣ್ಣ ಏನೂ ಇಲ್ಲ ಅಂತಾನೆ” ಎಂದು ಗಾಡಿಯನ್ನೇ ಬೈದುಕೊಂಡ. ಧರ್ಮಪುರ ಮುಟ್ಟಿ ತಿರುಗಿಸಿಕೊಂಡೆವು. ಬರುವಾಗ ಬಯಲಿನಲ್ಲಿ ಒಂದು ಕಡೆ ನಿಲ್ಲಿಸಿ, ಬರಿಗಾಲಲ್ಲೇ ಇಳಿದು, ಬಳ್ಳಾರಿ ಜಾಲಿಯ ಪೊದೆಯ ಮರೆಗೆ ಹೋಗಿ ಬಂದ. ನಾನು ಕನ್ನಡಿಯಲ್ಲಿ ಅವನ ಕೈಗಳನ್ನೇ ನೋಡುತ್ತಿದ್ದೆ, ಗಾಡಿಯ ಅಡಿಗೆ ಬಗ್ಗುತ್ತಾನೋ ಎಂದು. ಬಗ್ಗಲಿಲ್ಲ. ಬಂದು ಕೂತು ಓಡಿಸಿದ.

ಹಿರಿಯೂರು ಇನ್ನೂ ಐದಾರು ಕಿಲೋಮೀಟರ್ ಇರುವಾಗ ನನ್ನ ಕಣ್ಣು ಕೆಳಗೆ ಹೋಯಿತು. ಆಕ್ಸಿಲರೇಟರ್ ಪೆಡಲು ಕೆಂಪಾಗಿತ್ತು. ಕೆಳಗಿನ ರಬ್ಬರ್ ಹಾಸಿನ ಮೇಲೂ ಕೆಂಪು.

“ಪಾಲಣ್ಣ, ಗಾಡಿ ಸೈಡಿಗೆ ಹಾಕು.”

“ಯಾಕಣ್ಣ?”

“ಹಾಕಪ್ಪ ಮೊದ್ಲು.”

ನಿಲ್ಲಿಸಿದ. “ಕಾಲಾಗೆ ಮುಳ್ಳೈತಲ್ಲೋ” ಎಂದೆ.

“ಎಲ್ಲಿ?” ಎಂದು ಅವನು ಎಡಗಾಲನ್ನು ಎತ್ತಿ ನೋಡಿಕೊಂಡ.

ಮುಳ್ಳಿದ್ದದ್ದು ಬಲಗಾಲಿನಲ್ಲಿ. ಬೆರಳುದ್ದದ ಜಾಲಿಮುಳ್ಳು ಅಂಗಾಲಿನ ಮಧ್ಯೆ ಬುಡದವರೆಗೆ ಹೊಕ್ಕಿತ್ತು. ಅದರ ಮೇಲೆಯೇ ಅಷ್ಟು ದೂರ ಪೆಡಲ್ ಒತ್ತಿಕೊಂಡು ಬಂದಿದ್ದ. ನಾನು ಬಾಗಿಲ ಕಡೆಗೆ ಹೋಗಿ, ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಉಗುರಿನಲ್ಲಿ ಹಿಡಿದು ಎಳೆದೆ. ಪಾಲಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಮುಳ್ಳು ನನ್ನ ಕೈಗೆ ಬಂದು ಸ್ವಲ್ಪ ಹೊತ್ತಾದ ಮೇಲೆ, “ಬಂತಾ?” ಎಂದು ಕೇಳಿದ.

ನಾನು ಡಾಕ್ಟರಲ್ಲ. ಆದರೆ ಅದನ್ನು ತಿಳಿಯಲು ಡಾಕ್ಟರ್ ಆಗಬೇಕಿರಲಿಲ್ಲ. ಒಂದೊಂದಾಗಿ ಕೇಳಿದೆ, ಅವನು ಒಂದೊಂದಾಗಿ ಹೇಳಿದ. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಗಿತ್ತು. ಮಾತ್ರೆ ನೆನಪಾದ ದಿನ ತೆಗೆದುಕೊಳ್ಳುತ್ತಿದ್ದ. ಚಳಿಗಾಲದಿಂದ ಬಲಗಾಲು ಜೋಮು ಹಿಡಿದಂತಿತ್ತು. ನಡೆಯುವಾಗ ಚಪ್ಪಲಿ ಕಳಚಿಹೋದರೂ ತಿಳಿಯದೆ ಮುಂದೆ ಹೋಗಿಬಿಡುತ್ತಿದ್ದ. ಹೆಂಡತಿ ಚಿತ್ತಮ್ಮ ಕಾಲಿಗೆ ಬಿಸಿನೀರು ಹಾಕಿದಾಗ ಬೊಬ್ಬೆ ಎದ್ದಿತ್ತು, ಉರಿ ಇರಲಿಲ್ಲ. ಅದೆಲ್ಲಕ್ಕೂ ವಯಸ್ಸು ಎಂದುಕೊಂಡಿದ್ದ. ಎಷ್ಟು ಒತ್ತುತ್ತಿದ್ದೇನೆ ಎಂದು ಕಾಲಿಗೆ ತಿಳಿಯುತ್ತಿರಲಿಲ್ಲ. ಹೆಚ್ಚು ಒತ್ತಿ, ಇಂಜಿನ್ ಕೂಗಿದಾಗ ಗಾಡಿ ಕೆಟ್ಟಿದೆ ಎಂದುಕೊಂಡು, ಬ್ರೇಕ್ ಹಾಕುತ್ತಿದ್ದ. ಲೀಟರಿಗೆ ನಾಲ್ಕು ಕಿಲೋಮೀಟರ್ ಹೋಗುತ್ತಿದ್ದದ್ದು ಅಲ್ಲಿ. ಕೈ ಸೇದಿಹೋಗಲಿ ಎಂದು ಆಣೆ ಇಟ್ಟವನ ಕಾಲು ಯಾವಾಗಲೋ ಸೇದಿಹೋಗಿತ್ತು.

ಇದನ್ನೆಲ್ಲ ನಾನು ವಿವರಿಸುತ್ತಿದ್ದಾಗ ನನ್ನೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು, ಕಷ್ಟದ ಲೆಕ್ಕ ಬಿಡಿಸಿದ ಹೆಮ್ಮೆ. ಥೂ! ಅವನ ಮುಖ ನೋಡಿದ ಮೇಲೆ ಅದು ಇಳಿಯಿತು.

“ಯಾರಿಗೂ ಹೇಳ್ಬ್ಯಾಡ್ರಿ” ಎಂದ.

“ಅಲ್ಲಪ್ಪ, ನೀನು ಕಳ್ಳ ಅಲ್ಲ ಅಂತ ಗೊತ್ತಾಗ್ತೈತಲ್ಲ. ಅದಕ್ಕೇ ಅಲ್ವಾ ನನ್ನ ಕರ್ಕಂಡು ಬಂದಿದ್ದು?”

“ಕಳ್ಳ ಅನ್ನುಸ್ಕಂಡೋನಿಗೆ ಇನ್ನೊಂದು ಊರಾಗೆ ಸ್ಟೇರಿಂಗ್ ಸಿಕ್ತೈತಣ್ಣ. ಕಾಲು ಸತ್ತೋನಿಗೆ ಯಾರ್ ಕೊಡ್ತಾರೆ?”

ಕಾಲಿಗೆ ನನ್ನ ಕರವಸ್ತ್ರ ಕಟ್ಟಿದೆ. ಅವನು ಗಾಡಿಯನ್ನು ಮತ್ತೆ ಚಾಲೂ ಮಾಡಿದ. ಅದು ಮುಂದಕ್ಕೆ ಹಾರಿತು, ಅವನು ಬ್ರೇಕ್ ಒತ್ತಿದ. ಆ ರಭಸಕ್ಕೆ ಹಿಂದಿನ ಸೀಟಿನಡಿಯಿಂದ ಏನೋ ಉರುಳಿ ಮುಂದಕ್ಕೆ ಬಂತು. ಬಿಂದುವಿನ ನೀರಿನ ಬಾಟಲಿ, ಶನಿವಾರ ಮರೆತು ಹೋಗಿದ್ದದ್ದು. ಪಾಲಣ್ಣ ಅದನ್ನು ನೋಡಿದ. ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದ.

“ನಾಳೆ ಸೋಮವಾರ,” ಎಂದ. “ಬೆಳಿಗ್ಗೆ ಮಗೂನ ಬಿಡ್ಬೇಕು.”

ಇಳಿದು, ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆಗೆದ. “ನೀವು ಓಡ್ಸ್ರಿ” ಎಂದ. ದಾರಿಯುದ್ದಕ್ಕೂ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬಂಕಿನ ಮುಂದೆ ಬಂದರೂ ನಾನು ನಿಲ್ಲಿಸಲಿಲ್ಲ. ಆ ದಿನ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಪಂಚಾಕ್ಷರಪ್ಪನವರ ಮನೆಯ ಜಗುಲಿಯಲ್ಲಿ ಪಾಲಣ್ಣ ನಿಂತೇ ಹೇಳಿದ. ಯಜಮಾನರು ನಂಬಲಿಲ್ಲ. ಕಾಲಿಗೂ ಡೀಸೆಲ್ಲಿಗೂ ಏನು ಸಂಬಂಧ ಎಂದು ನನ್ನ ಮುಖ ನೋಡಿದರು. ಪಾಲಣ್ಣ ಅವರ ಹೆಂಡತಿಯ ಕಡೆ ತಿರುಗಿ, “ಪಾರ್ವತಮ್ನೋರೆ, ಒಂದು ಸೂಜಿ ಕೊಡ್ರಿ” ಎಂದ. ಕೊಟ್ಟರು. ನೆಲದ ಮೇಲೆ ಕೂತು, ಕಣ್ಣನ್ನು ಯಜಮಾನರ ಮೇಲೇ ಇಟ್ಟುಕೊಂಡು, ಅಂಗಾಲಿಗೆ ಚುಚ್ಚಿಕೊಂಡ. ಒಮ್ಮೆ, ಎರಡು ಸಲ, ಮೂರು ಸಲ. ಅವನ ರೆಪ್ಪೆ ಅಲುಗಲಿಲ್ಲ. ಪಾರ್ವತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ನಿಲ್ಸೋ ಮಾರಾಯ, ಸಾಕು!” ಎಂದು ಯಜಮಾನರು ಎದ್ದೇಬಿಟ್ಟರು. “ಇಪ್ಪತ್ತೆರಡು ವರ್ಷ ಜತೆಗಿದ್ದ ಮನುಷ್ಯನ ಮೇಲೆ ಅನುಮಾನ ಪಟ್ಟೆನಲ್ಲೋ. ತಪ್ಪಾಯ್ತು ಕಣೋ ಪಾಲಣ್ಣ.” ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಪಾಲಣ್ಣನ ಮುಖ ಅರಳಿತು. ತಿಂಗಳುಗಟ್ಟಲೆಯ ಮೇಲೆ ಅವನು ಕತ್ತೆತ್ತಿ ನಿಂತದ್ದನ್ನು ನಾನು ಕಂಡೆ. ಪೈಪಿನ ಮಾತು ನನ್ನದೇ ಎಂದು ಆಗಲೇ ಹೇಳಿಬಿಡಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಒಳಗಿನಿಂದ ಬಿಂದು ಓಡಿ ಬಂತು. “ಪಾಲಣ್ಣ ಮಾಮ, ನನ್ನ ಬಾಟ್ಲಿ ಸಿಕ್ತಾ?” ಎಂದು ಅವನ ಕಡೆಗೆ ಕೈ ಚಾಚಿತು. ಪಾರ್ವತಮ್ಮ ಸರಕ್ಕನೆ ಮಗುವಿನ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡರು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಇಷ್ಟು ದಿನ ಅಂಥ ಕಾಲಿನವನ ಕೈಯಲ್ಲಿ ಮಗುವನ್ನು ಕೊಟ್ಟು ಕಳಿಸಿದ್ದೆವಲ್ಲ ಎಂಬುದು ಅವರಿಬ್ಬರಿಗೂ ಆ ಕ್ಷಣಕ್ಕೆ ಹೊಳೆದಿರಬೇಕು. ಯಜಮಾನರು ಕೈ ಮುಂದೆ ಮಾಡಿದರು. ಪಾಲಣ್ಣ ಕಾರಿನ ಕೀಲಿಯನ್ನು ಅದರ ಮೇಲಿಟ್ಟ, ಬಾಟಲಿಯನ್ನು ಜಗುಲಿಯ ಮೇಲಿಟ್ಟ.

ಕಳ್ಳ ಎಂದುಕೊಂಡಿದ್ದಾಗ ಅವನ ಕೈಗೆ ಮಗುವನ್ನು ಕೊಟ್ಟಿದ್ದರು. ಕಳ್ಳನಲ್ಲ ಎಂದು ತಿಳಿದ ದಿನ ಕಿತ್ತುಕೊಂಡರು. ಅವರದು ತಪ್ಪು ಎಂದು ನಾನು ಹೇಳಲಾರೆ. ನನ್ನ ಮೊಮ್ಮಗಳಾಗಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ತಪ್ಪು ಯಾರದ್ದೂ ಅಲ್ಲದ್ದರಿಂದಲೇ ಹೊಟ್ಟೆ ಹೆಚ್ಚು ಉರಿಯುತ್ತದೆ.

ಮುಳ್ಳಿನ ಗಾಯ ಕೀವಾಗಿ ಬೆರಳಿಗೂ ಹರಡಿತು. ಎರಡು ಬೆರಳು ತೆಗೆದರು. ನರ ಸತ್ತಿದೆ, ಇನ್ನು ಸ್ಪರ್ಶ ಬರುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ನಾನು ಹಟ್ಟಿಗೆ ಹೋದೆ. ಪಾಲಣ್ಣ ಬೇವಿನ ಮರದ ಕೆಳಗೆ, ಹೆದ್ದಾರಿಯ ಕಡೆ ಮುಖ ಮಾಡಿ ಕೂತಿದ್ದ. ಅರ್ಧ ಆಳಾಗಿದ್ದ. ಚಿತ್ತಮ್ಮ ಟೀ ತಂದುಕೊಟ್ಟು ಬಾಗಿಲಲ್ಲಿ ನಿಂತಳು. ಕಾಲಿನ ವಿಷಯ, ಮಳೆಯ ವಿಷಯ ಮಾತಾಡಿದೆವು. ಕೊನೆಗೆ ಅವನು ಕೇಳಿದ.

“ಗಾಡಿ ಈಗ ಎಷ್ಟು ಕೊಡ್ತೈತಣ್ಣ?”

ಹಾಲೇಶ ನಮ್ಮಲ್ಲೇ ತುಂಬಿಸುತ್ತಾನೆ. ನಾನು ಪ್ರತಿ ಸಲವೂ ಭಾಗಿಸಿ ನೋಡುತ್ತೇನೆ, ಪ್ರತಿ ಸಲವೂ ಹದಿನಾರು ಬರುತ್ತದೆ. ಅವನ ಬೆನ್ನು ಬಾಗಿದ್ದನ್ನು ನೋಡಿ ನನ್ನ ಬಾಯಿಂದ ಬೇರೇನೋ ಬಂತು. “ಹನ್ನೆರಡು” ಎಂದೆ. “ಹಾಲೇಶ ಓಡ್ಸಿದ್ರೂ ಹನ್ನೆರಡೇ. ಅವತ್ತು ಎಲ್ಲೋ ಗಾಳಿ ಬೆನ್ನಿಗೆ ಬೀಸಿತ್ತು ಅಂತ ಕಾಣ್ತೈತೆ.” ಮೈಲೇಜ್ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಸ್ವಲ್ಪ ಸಮಾಧಾನವಾಗಲಿ ಎಂದು ಹೇಳಿದೆ, ಅಷ್ಟೇ.

ಪಾಲಣ್ಣ ಲೋಟ ಕೆಳಗಿಟ್ಟ. “ಹಂಗಾದ್ರೆ ನನ್ನ ಕಾಲಲ್ಲ!” ಎಂದ. ದನಿ ಚಿಕ್ಕ ಹುಡುಗನದಂತೆ ಏರಿತ್ತು. “ಇಂಜಿನ್ ಅರಚ್ತೈತೆ ಅಂತ ನಾನು ಮೊದ್ಲಿಂದ ಬಡ್ಕಂಡೆ, ಯಾರ್ ಕೇಳಿದ್ರು? ಗಾಡೀದೇ ದೋಷ. ಚಿತ್ತಮ್ಮ, ನನ್ನ ಬಿಳೀ ಅಂಗಿ ತಾ. ಎರಡೂವರೆ ಬಸ್ಸಿಗೆ ಹೋಗಾಣ ಬಸವೇಶಣ್ಣ. ಯಜಮಾನ್ರಿಗೆ ನೀವೇ ಹೇಳ್ರಿ, ಲೆಕ್ಕ ನಿಮ್ಮದೇ ಅಲ್ವಾ?”

“ಪಾಲಣ್ಣ, ತಡಿಯಪ್ಪ” ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಅಂಗಿಗೂ ಕಾಯದೆ, ಚಪ್ಪಲಿ ಮೆಟ್ಟಿಕೊಂಡು, ಕುಂಟುತ್ತಲೇ ರಸ್ತೆಯ ಕಡೆಗೆ ಹೊರಟ. ಹತ್ತು ಹೆಜ್ಜೆಗೆ ಬಲಗಾಲಿನ ಚಪ್ಪಲಿ ಕಳಚಿ ದಾರಿಯಲ್ಲೇ ಉಳಿಯಿತು. ಅವನು ಸುಡುವ ಜಲ್ಲಿಯ ಮೇಲೆ ಎರಡು ಬೆರಳಿಲ್ಲದ ಬರಿಗಾಲನ್ನು ಊರುತ್ತಾ ಮುಂದೆ ಹೋದ. ಚಿತ್ತಮ್ಮ ಅಂಗಿ ಹಿಡಿದುಕೊಂಡು ನನ್ನನ್ನು ನೋಡಿದಳು. ನಾನು ಸುಳ್ಳು ಹೇಳಿದ್ದು ಅವಳಿಗೆ ಗೊತ್ತಾಗಿತ್ತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಚಪ್ಪಲಿಯನ್ನು ಕೈಯಲ್ಲಿ ಎತ್ತಿಕೊಂಡು ಅವನ ಹಿಂದೆ ಹೋಗಿ ಕೂಗಿದೆ. ತಿರುಗಿದ. ನನ್ನ ಕೈಯಲ್ಲಿದ್ದದ್ದನ್ನು ನೋಡಿದ, ಆಮೇಲೆ ತನ್ನ ಕಾಲನ್ನು ನೋಡಿಕೊಂಡ. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು.

“ನಿಜ ಹೇಳ್ರಿ. ಎಷ್ಟು?”

“ಹದಿನಾರು” ಎಂದೆ.

ತಲೆಯಾಡಿಸಿದ. “ಒಳ್ಳೇ ಗಾಡಿ ಅದು” ಎಂದ. ದಾರಿಯ ಬದಿಯಲ್ಲಿ ಕೂತು, ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕಣ್ಣಿನಲ್ಲಿ ನೋಡಿಕೊಳ್ಳುತ್ತಾ ಚಪ್ಪಲಿಯೊಳಗೆ ಇಟ್ಟ.